ಜಿಂಕೆಯ ಬೆನ್ನಿಗೊಂದು ಮರೆ

ನಮ್ಮ ನಡುಮನೆಯಲ್ಲಿ ಹಳೆಯ ಹೊಲಿಗೆ ಮೆಷಿನ್ನಿನ ಮೇಜೊಂದಿದೆ. ಮೆಷಿನ್ನು ಕೆಟ್ಟು ಗುಜರಿ ಸೇರಿ ಎಷ್ಟೋ ವರ್ಷಗಳಾದವು. ಮೇಜು ಮಾತ್ರ ತನ್ನ ಕಬ್ಬಿಣದ ಕಾಲುಗಳ ಮೇಲೆ ಅಲುಗದೆ ನಿಂತು, ಈಗ ಒಂದು ಹಳೆಯ ಲ್ಯಾಪ್‌ಟಾಪನ್ನೂ ಅದರ ಮಗ್ಗುಲಿಗೆ ಒಂದು ತಟ್ಟೆ ಹುರಿದ ಶೇಂಗಾವನ್ನೂ ಹೊತ್ತುಕೊಂಡಿದೆ. ಭಾನುವಾರದ ಮಧ್ಯಾಹ್ನ, ಚಳ್ಳಕೆರೆಯ ಬಿಸಿಲು ಬೀದಿಯ ನಾಯಿಗಳನ್ನೂ ಆಟೋಗಳನ್ನೂ ಒಂದೇ ಬೇವಿನ ನೆರಳಿಗೆ ಅಟ್ಟಿರುವ ಹೊತ್ತಿನಲ್ಲಿ, ನಾನು ಆ ಮೇಜಿನ ಮುಂದೆ ಕುಳಿತು, ನಗಬೇಡಿ ಗೆಳೆಯರೇ, ಮೃಗಾಲಯ ಕಟ್ಟುತ್ತೇನೆ.

ತಳಕಿನ ಹತ್ತಿರದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುವ, ಐವತ್ತರ ಹೊಸ್ತಿಲಿಗೆ ಬಂದಿರುವ ಹೆಂಗಸು ನಾನು. ಲ್ಯಾಪ್‌ಟಾಪನ್ನು ನನ್ನ ಗಂಡ ತಮ್ಮ ಮೋಟಾರ್ ವೈಂಡಿಂಗ್ ಅಂಗಡಿಗೆಂದು ತಂದು, ಅದರ ಗೊಡವೆಯೇ ಬೇಡವೆಂದು ನನಗೆ ಒಪ್ಪಿಸಿದರು. ಅದರೊಳಗೆ ಮೃಗಾಲಯ ಕಟ್ಟುವ ಈ ಆಟವನ್ನು ಹಾಕಿಕೊಟ್ಟವಳು ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ಶಬಾನಾ. “ಅರೆ, ನೀವು ಚಿತ್ರ ಬರೀತೀರಲ್ಲ ಮೇಡಂ, ಇದೂ ಚಿತ್ರಾನೇ. ಆದ್ರೆ ಇದರೊಳಗೆ ಪ್ರಾಣಿ ಓಡಾಡ್ತವೆ, ಅಷ್ಟೇ” ಎಂದಿದ್ದಳು. ಅವಳ ಮಾತು ನಿಜವಾಗಿತ್ತು. ಆಟ ಶುರುವಾದಾಗ ನಿಮ್ಮ ಮುಂದೆ ಬರಿಯ ಬಯಲು. ಅದರಲ್ಲಿ ದಿಬ್ಬ ಎಬ್ಬಿಸಬೇಕು, ಹೊಂಡ ತೋಡಬೇಕು, ಬೇಲಿ ಹಾಕಬೇಕು, ಮರ ನೆಡಬೇಕು. ಆಮೇಲೆ ಪ್ರಾಣಿಗಳನ್ನು ಬಿಟ್ಟು, ನೋಡಲು ಬರುವ ಜನಕ್ಕೆ ದಾರಿ ಮಾಡಬೇಕು. ಪ್ರತಿ ಪ್ರಾಣಿಗೂ ಒಂದು ನೆಮ್ಮದಿಯ ಪಟ್ಟಿಯಿದೆ. ಹಸಿರಾಗಿದ್ದರೆ ಅದು ಸುಖವಾಗಿದೆ, ಕೆಂಪಾದರೆ ನೀವು ಎಲ್ಲೋ ತಪ್ಪಿದ್ದೀರಿ.

ನಾನು ತಪ್ಪಿದ್ದು ಎಲ್ಲಿ ಎಂದು ಈಗ ಹೇಳಬಲ್ಲೆ. ದಿನವಿಡೀ ಮಕ್ಕಳಿಗೆ “ನೋಡಿ ಬರೀರಿ, ನೋಡಿ ಬರೀರಿ” ಎಂದು ಹೇಳುವ ನಾನು, ನನ್ನ ಮೃಗಾಲಯಕ್ಕೆ ನೋಡುತ್ತಿದ್ದುದು ನಾನು ಕಾಲಿಡದ ದೇಶಗಳ ಚಿತ್ರಗಳನ್ನು. ಎಲ್ಲೆಲ್ಲಿಯದೋ ಮೃಗಾಲಯಗಳ ಫೋಟೊಗಳನ್ನು ಮೊಬೈಲಿನಲ್ಲಿ ಕೂಡಿಹಾಕಿದ್ದೆ: ಸಿಮೆಂಟಿನ ಬಂಡೆಗಳು, ಗಾಜಿನ ಗೋಡೆಗಳು, ಬಿದಿರಿನ ಸೇತುವೆಗಳು. ಜಗತ್ತಿನ ಎಲ್ಲ ಕಡೆ ಈ ಆಟ ಆಡುವವರದೊಂದು ಗುಂಪು ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಅವರು ಕಟ್ಟಿದ್ದನ್ನು ಕಂಡು ಬೆರಗಾಗಿ, “ಇದಕ್ಕೆ ಆಧಾರ ಯಾವುದು, ನೋಡಿ ಕಟ್ಟಿದ ಚಿತ್ರ ಇದ್ದರೆ ಕಳಿಸುವಿರಾ” ಎಂದು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಕೇಳುವುದೇ ನನಗೊಂದು ಚಟವಾಗಿತ್ತು. ಹೀಗೆ ಕಂಡಕಂಡವರ ಕಣ್ಣಿನಿಂದ ಕಡ ತಂದು ಕಟ್ಟಿದ ನನ್ನ ಮೃಗಾಲಯ ಮದುವೆ ಛತ್ರದ ಹಾಗೆ ಅಲಂಕಾರವಾಗಿ, ಛತ್ರದ ಹಾಗೆಯೇ ಯಾರ ಮನೆಯೂ ಅಲ್ಲದೆ ಇರುತ್ತಿತ್ತು.

ಇಷ್ಟು ಹೊತ್ತೂ ನನ್ನ ಹಿಂದೆ ಗೋಡೆಗೊರಗಿ ಶೇಂಗಾ ಸುಲಿಯುತ್ತ ಕುಳಿತಿರುತ್ತಿದ್ದವರು ನಮ್ಮತ್ತೆ, ಓಬಳಮ್ಮ. ಅವರಿಗೂ ನನಗೂ ಜಗಳವಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಈ ನಡುಮನೆಯ ಗೋಡೆಯ ಮೇಲೆ ಒಂದು ತಿಂಗಳು ಕೂತು ಗರಿಬಿಚ್ಚಿದ ನವಿಲನ್ನು ಬರೆದಿದ್ದೆ. ಯುಗಾದಿಗೆ ತವರಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಇಡೀ ಮನೆಗೆ ಸುಣ್ಣ ಹೊಡೆಸಿದ್ದರು. ನವಿಲಿದ್ದ ಕಡೆ ಬಿಳಿ ಗೋಡೆ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿಂದ ಇಪ್ಪತ್ತು ವರ್ಷ ನಮ್ಮ ನಡುವೆ “ಊಟ ಆಯ್ತಾ”, “ಹಾಲು ಬಂತಾ” ಎಂಬಷ್ಟೇ ಮಾತು ಓಡಾಡುತ್ತಿತ್ತು, ಮಿಕ್ಕಿದ್ದಕ್ಕೆಲ್ಲ ಸುಣ್ಣ.

ಒಂದು ಭಾನುವಾರ ಕೃಷ್ಣಮೃಗಗಳಿಗೆಂದು ಬಹಳ ಮುತುವರ್ಜಿಯಿಂದ ಆವರಣ ಕಟ್ಟಿದ್ದೆ. ದುಂಡನೆಯ ಹುಲ್ಲುಗಾವಲು, ನಡುವೆ ಕೊಳ, ಜನ ಎಲ್ಲ ಕಡೆಯಿಂದಲೂ ನೋಡಲೆಂದು ಸುತ್ತಲೂ ದಾರಿ. ಆದರೆ ಜಿಂಕೆಗಳ ಪಟ್ಟಿ ಕೆಂಪಾಗುತ್ತಲೇ ಹೋಯಿತು. ಹುಲ್ಲು ಬದಲಿಸಿದೆ, ನೀರು ಬದಲಿಸಿದೆ, ಮೂರು ಮರ ಹೆಚ್ಚಿಗೆ ನೆಟ್ಟೆ. ಆವರಣದ ನಟ್ಟನಡುವೆ ಗಂಡು ಜಿಂಕೆಯೊಂದು ನಿಂತಲ್ಲೇ ಗಿರಗಿರನೆ ತಿರುಗುತ್ತಿತ್ತು.

“ಅದಕ್ಕೆ ಬೆನ್ನಿಗೆ ಮರೆ ಎಲ್ಲೈತೆ?” ಎಂಬ ದನಿ ಹಿಂದಿನಿಂದ ಬಂತು.

ತಿರುಗಿ ನೋಡಿದೆ. ಅತ್ತೆ ಮೊರವನ್ನು ಕೆಳಗಿಟ್ಟು ಪರದೆಯನ್ನೇ ನೋಡುತ್ತಿದ್ದರು.

“ಏನಂದ್ರಿ ಅತ್ತೆ?”

“ಸುತ್ತಾ ಜನಾನೇ ನಿಲ್ಲಿಸಿದ್ದೀಯಲ್ಲೇ. ಅದು ಯಾವ ಕಡೀಕೆ ಅಂತ ನೋಡ್ತೈತೆ, ಪಾಪ? ಒಂದ್ ಕಡಿಗೆ ದಿಬ್ಬ ಹಾಕು. ಬೆನ್ನು ಅತ್ತ ಮಾಡಿ, ಮುಖ ಇತ್ತ ಮಾಡಿ ನಿಂತ್ಕೋತೈತೆ.”

ನಾನು ಎರಡು ದಾರಿ ಅಳಿಸಿ, ಅಲ್ಲಿ ದಿಬ್ಬ ಎಬ್ಬಿಸಿ, ಅದರ ಮೇಲೆ ಕುರುಚಲು ಗಿಡ ಹಚ್ಚಿದೆ. ತುಸು ಹೊತ್ತಿಗೆ ಜಿಂಕೆಗಳು ಒಂದೊಂದಾಗಿ ದಿಬ್ಬದ ಬುಡಕ್ಕೆ ಹೋಗಿ, ಅದಕ್ಕೆ ಬೆನ್ನು ಮಾಡಿ ಮಲಗಿದವು. ಪಟ್ಟಿ ಹಸಿರಾಯಿತು. ಅತ್ತೆ ಏನೂ ಆಗಿಲ್ಲವೆಂಬಂತೆ ಮೊರ ಎಳೆದುಕೊಂಡರು. ಆದರೆ ಅವರು ಕೂತ ಜಾಗ ಒಂದು ಮೊಳ ಮುಂದೆ ಬಂದಿತ್ತು.

ಮುಂದಿನ ಭಾನುವಾರ ಅವರು ಚಾಪೆಯನ್ನೇ ಮೇಜಿನ ಪಕ್ಕಕ್ಕೆ ಹಾಸಿದರು. ಆಮೇಲೆ ನೋಡಿ, ಮಾತಿನ ತೂಬು ತೆರೆದಂತಾಯಿತು. ಅತ್ತೆಯ ತವರು ಮೊಳಕಾಲ್ಮೂರಿನ ಕಡೆಯ ಒಂದು ಹಟ್ಟಿ. ಅರ್ಧ ಕನ್ನಡ, ಅರ್ಧ ತೆಲುಗು ಆಡುವ ಜನ. ಅವರಪ್ಪ ದೇವರ ದನಗಳನ್ನು ಕಾಯುವ ಕಿಲಾರಿಯಾಗಿದ್ದರು. ನೇಗಿಲಿಗೆ ಹೂಡದೆ, ಗಾಡಿಗೆ ಕಟ್ಟದೆ, ದೇವರ ಹೆಸರಿಗೆ ಬಿಟ್ಟ ಆ ಹಿಂಡಿನ ಜೊತೆ ಬಿಸಿಲು ಚಳಿ ಎನ್ನದೆ ಬದುಕಿದವರು. ಪ್ರಾಣಿಗೆ ಏನು ಬೇಕು, ಅದು ಎಲ್ಲಿ ಮಲಗುತ್ತದೆ, ಯಾವ ಗಾಳಿಗೆ ಕಿವಿ ನಿಮಿರಿಸುತ್ತದೆ ಎಂಬುದನ್ನು ಈ ಹೆಂಗಸು ತೊಟ್ಟಿಲಲ್ಲೇ ಕಲಿತಿದ್ದರು. ನಾನು ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದು ಜಗತ್ತಿನ ಅತ್ತ ತುದಿಯವರನ್ನು ಆಧಾರ ಬೇಡುತ್ತಿದ್ದೆ. ಮರೆ ಎಂಬ ಮಾತಿಗೆ ನಮ್ಮಲ್ಲಿ ಎರಡರ್ಥ: ಅಡ್ಡವಾಗಿ ನಿಂತು ಕಾಯುವುದೂ ಮರೆಯೇ, ನೆನಪಿನಿಂದ ಜಾರಿಸಿಬಿಡುವುದೂ ಮರೆಯೇ. ನಾನು ಎರಡನೆಯದರಲ್ಲಿ ಪಳಗಿದ್ದೆ.

ಕರಡಿಯ ಆವರಣಕ್ಕೆ ಬಂಡೆಗಳನ್ನು ಪೇರಿಸುವಾಗ ಅತ್ತೆ ತಲೆಯಾಡಿಸಿದರು. “ಇದು ಇಟ್ಟಿಗೆ ಒಟ್ಟಿದಂಗೈತೆ. ಬಂಡೆ ಹಂಗೆ ಕೂರಾಂಗಿಲ್ಲ.” ಮತ್ತೆ ಹೇಗೆ ಎಂದರೆ ಬಾಯಲ್ಲಿ ಹೇಳಲಾರರು, ಎರಡೂ ಕೈಗಳನ್ನು ಗಾಳಿಯಲ್ಲಿ ಒಂದಕ್ಕೊಂದು ಒರಗಿಸಿ ತೋರಿಸಿದರು, ಕೊನೆಗೆ “ನಡಿ, ಹೋಗಿ ನೋಡ್ಕಂಡೇ ಬರಾನ” ಎಂದರು.

ದಸರಾ ರಜೆಯಲ್ಲಿ ಹೋದೆವು. ತಳಕು ದಾಟಿ, ಬಸ್ಸು ಬದಲಿಸಿ, ಆಟೋ ಹಿಡಿದು ಬ್ರಹ್ಮಗಿರಿಯ ತಪ್ಪಲಿಗೆ ಬಂದಾಗ ಬೆಳಗಿನ ಬಿಸಿಲು ಗುಂಡುಬಂಡೆಗಳ ಮೇಲೆ ಇನ್ನೂ ಎಳೆಯದಾಗಿತ್ತು. ಪಾಠಕ್ಕೆಂದು ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಅಲ್ಲಿಗೆ ಬಂದಿದ್ದೇನೆ, ಶಾಸನದ ಅಕ್ಷರ ತೋರಿಸಿದ್ದೇನೆ. ಅಕ್ಷರವಿಲ್ಲದ ಕಲ್ಲುಗಳನ್ನು ಕಣ್ಣೆತ್ತಿ ನೋಡಿರಲಿಲ್ಲ. ಈಗ ಅತ್ತೆ ಓದಿಸಿದರು. ದೊಡ್ಡ ಗುಂಡು ಮೂರು ಚಿಕ್ಕವುಗಳ ಮೇಲೆ ಹೇಗೆ ಕೂರುತ್ತದೆ, ಬಂಡೆಯ ಬುಡದಲ್ಲಿ ಮಳೆನೀರು ಇಳಿದ ಕಡೆಯೇ ಸೀತಾಫಲದ ಗಿಡ ಹೇಗೆ ಬೇರೂರುತ್ತದೆ, ಮೇಲಿಂದ ಬಿರುಕಿನಂತೆ ಕಾಣುವುದು ಒಳಗೆ ಹೋದರೆ ಹೇಗೆ ತಂಪಾದ ಕೋಣೆಯಾಗುತ್ತದೆ. “ಕರಡಿ ಇಂಥಾ ಕಡೆ ಇರ್ತೈತೆ. ನಾನು ಸಣ್ಣೋಳಿದ್ದಾಗ ಸೀತಾಫಲ ಕೀಳಾಕೆ ಹೋಗಿದ್ದೆ, ಗಿಡದ ಆಚೆ ಕಡಿಗೆ ಅದೂ ಕೀಳ್ತಿತ್ತು. ನಾನೂ ನೋಡಿದೆ, ಅದೂ ನೋಡ್ತು. ಇಬ್ರೂ ಓಡಿದ್ವಿ!” ಎಂದು ನಕ್ಕರು. ಅವರು ಹೀಗೆ ಬಾಯಿ ತುಂಬ ನಗುವುದನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಒಂದು ಗುಂಡಿನ ನೆರಳಲ್ಲಿ ಕೂತು ಬರೆಯುತ್ತಿದ್ದೆ. ಪೆನ್ಸಿಲ್ಲು ಓಡುವುದನ್ನೇ ನೋಡುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಹೇಳಿದರು: “ಆ ನವಿಲು ಚೆಂದ ಇತ್ತು ಕಣೇ.”

ನನ್ನ ಕೈ ನಿಂತಿತು.

“ಬಂದು ಆರು ತಿಂಗಳಾಗಿಲ್ಲ, ಗೋಡೆನೆಲ್ಲಾ ತನ್ನದೇ ಮಾಡ್ಕಂಡ್ಲು ಈ ಹುಡುಗಿ, ಅನ್ನಿಸ್ತು. ಸುಣ್ಣ ಹೊಡೆಸಿದ ಮ್ಯಾಲೆ ಗೋಡೆ ನೋಡಾಕೆ ಆಗ್ಲಿಲ್ಲ ನನಗೆ. ಹೇಳಾಕೂ ಬಾಯಿ ಬರ್ಲಿಲ್ಲ.”

“ನಾನೂ ನಿಮ್ಮನ್ನ ಕೇಳಿ ಬರೀಬೇಕಿತ್ತು ಅತ್ತೆ.”

“ಕೇಳಿದ್ರೆ ಬ್ಯಾಡ ಅಂತಿದ್ದೆ” ಎಂದರು, ಬಹಳ ಪ್ರಾಮಾಣಿಕವಾಗಿ. ಇಬ್ಬರಿಗೂ ನಗು ಬಂತು. ಇಪ್ಪತ್ತು ವರ್ಷದ ಬಿಗುಮಾನ ಇಷ್ಟು ಸಣ್ಣ ಮಾತಿಗೆ ಕರಗುವುದಾದರೆ ಅದನ್ನು ಅಷ್ಟು ಜತನದಿಂದ ಕಾಪಾಡಿದ್ದೇಕೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ಆ ರಾತ್ರಿ ಅವರ ತವರಿನ ಹಟ್ಟಿಯಲ್ಲೇ ಉಳಿದು, ಮರುದಿನ ಬೆಳಿಗ್ಗೆ ದೇವರ ದನಗಳ ರೊಪ್ಪಕ್ಕೆ ಹೋದೆವು. ಊರಾಚೆಯ ದಿನ್ನೆಯ ಮೇಲೆ, ಆಳೆತ್ತರದ ಮುಳ್ಳುಬೇಲಿ ಸುತ್ತಿದ ದೊಡ್ಡಿ ಅದು. ದನಗಳನ್ನು ಇನ್ನೂ ಮೇಯಲು ಬಿಟ್ಟಿರಲಿಲ್ಲ. ಬೇಲಿಯ ಸಂದಿನಲ್ಲಿ ಕೊಂಬುಗಳು ಅಲುಗುತ್ತಿದ್ದವು. ಹೆಣ್ಣುಮಕ್ಕಳು ಒಳಗೆ ಕಾಲಿಡಬಾರದೆಂಬುದು ಆ ಹಟ್ಟಿಯ ಕಟ್ಟಳೆ. ಹುಡುಗಿಯಾಗಿದ್ದಾಗ ಅತ್ತೆ ದಿನವೂ ಅಪ್ಪನಿಗೆ ಬುತ್ತಿ ತಂದು ಬೇಲಿಯ ಸಂದಿನಿಂದ ಚಾಚಿ ಕೊಡುತ್ತಿದ್ದರಂತೆ. ಒಳಗಿನ ಒಂದೊಂದು ಎತ್ತನ್ನೂ ದನಿಯಿಂದಲೇ ಗುರುತಿಸುತ್ತಿದ್ದ ಅವರು, ಆ ನೆಲವನ್ನು ಒಮ್ಮೆಯೂ ತುಳಿದವರಲ್ಲ.

ಈಗಿನ ಕಿಲಾರಿ ಪಾಲಯ್ಯ ಅತ್ತೆಗೆ ಚಿಕ್ಕಪ್ಪನ ಮಗ. ಅಕ್ಕನನ್ನು ಕಂಡವನೇ ಹಿಗ್ಗಿ, “ರಾ ಅಕ್ಕಾ, ರಾ!” ಎಂದು ತೆಲುಗಿನಲ್ಲಿ ಕರೆದು, ಬಾಗಿಲಿಗೆ ಅಡ್ಡವಿದ್ದ ಮುಳ್ಳಿನ ಕೊಂಬೆ ಸರಿಸಿದ. “ವಯಸ್ಸಾದೋರಿಗೆ ಏನ್ ಕಟ್ಟಳೆ? ಚಪ್ಪಲಿ ಬಿಟ್ಟು ಒಳಗೆ ಬಾ. ನಿಮ್ಮಪ್ಪ ಕೂರ್ತಿದ್ದ ಕಲ್ಲು ಹಂಗೇ ಐತೆ.”

ಅತ್ತೆ ಚಪ್ಪಲಿ ಕಳಚಿದರು. ಸೆರಗು ತಲೆಯ ಮೇಲೆ ಎಳೆದುಕೊಂಡರು. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವರು ನಿಂತು ಹಿಂತಿರುಗಿ ನೋಡಿ, “ಇವಳು?” ಎಂದು ನನ್ನ ಕಡೆ ತೋರಿಸಿದರು.

ಪಾಲಯ್ಯ ತಲೆ ಕೆರೆದುಕೊಂಡ. “ಅಕ್ಕಾ, ಅವ್ರಿಗಿನ್ನೂ ಅಷ್ಟು ವಯಸ್ಸಾಗಿಲ್ಲವಲ್ಲ… ತಪ್ಪು ತಿಳ್ಕಬ್ಯಾಡ್ರೀ ಟೀಚರಮ್ಮ.”

“ಹಂಗಾದ್ರೆ ಇರ್ಲಿ ಬಿಡು” ಎಂದು ಅತ್ತೆ ಮತ್ತೆ ಚಪ್ಪಲಿ ಮೆಟ್ಟಿಕೊಂಡರು.

“ಅತ್ತೆ, ನೀವು ಹೋಗ್ರಿ. ನಾನು ಇಲ್ಲೇ ಇರ್ತೀನಿ” ಎಂದೆ, ಬೇಡಿಕೊಂಡೆ ಎಂದರೂ ಸರಿಯೇ.

“ನೀನು ಬರೆಯಾಕೆ ಬಂದಿದ್ದೀಯ. ನಾನು ಒಳಗೆ ಹೋದ್ರೆ ನಿನಗೆ ಹೇಳೋರು ಯಾರು?” ಎಂದು ಬೇಲಿಯ ಪಕ್ಕ ಒಂದು ಕಲ್ಲು ಹುಡುಕಿ ಕೂತರು. “ಬರಿ. ಮುಳ್ಳಿನ ಬುಡ ಒಳಗೆ, ತುದಿ ಹೊರಗೆ. ದನಕ್ಕೆ ಚುಚ್ಚಬಾರದು, ಚಿರತೆಗೆ ಚುಚ್ಚಬೇಕು. ಹೂಂ, ಬರಿ.”

ಕಣ್ಣು ಮಂಜಾಗಿ ಗೆರೆ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಬರೆದೆ. ಪಾಲಯ್ಯ ತುಸು ಹೊತ್ತು ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದು, ಆಮೇಲೆ ಯಾರಿಗೆ ಹೇಳಿದನೋ, “ಬಿಡೋ ಹೊತ್ತಾತು” ಎಂದು ಗೊಣಗಿ ಬಾಗಿಲನ್ನು ಪೂರ್ತಿ ತೆರೆದ. ಬಿಡುವ ಹೊತ್ತು ಇನ್ನೂ ಆಗಿರಲಿಲ್ಲವೆಂದು ಅತ್ತೆ ಮೆಲ್ಲಗೆ ನನಗೆ ಹೇಳಿದರು. ಬೂದು ಬಣ್ಣದ, ಬಿಳಿ ಬಣ್ಣದ, ಕೆಲಸವನ್ನೇ ಕಾಣದ ಆ ನುಣುಪು ಹೆಗಲಿನ ದನಗಳು ನಮ್ಮ ಎರಡೂ ಪಕ್ಕದಿಂದ ಹೊಳೆಯಂತೆ ಹರಿದವು. ಅತ್ತೆ ಗಂಟಲಲ್ಲಿ ಎಂಥದೋ ಒಂದು ಕರೆ ಕರೆದರು, ಅವರಪ್ಪ ಕರೆಯುತ್ತಿದ್ದುದಂತೆ. ಮುದಿ ಹಸುವೊಂದು ಹಿಂಡು ಬಿಟ್ಟು ಬಂದು, ಅವರ ಮಂಡಿಯ ಹತ್ತಿರ ಮೂತಿ ಚಾಚಿ ನಿಂತಿತು. ಅವರು ಅದರ ಹಣೆಯನ್ನು ಮೆಲ್ಲಗೆ ತುರಿಸಿದರು.

ಊರಿಗೆ ಬಂದು ರೊಪ್ಪ ಕಟ್ಟಲು ಶುರು ಮಾಡಿದೆ. ಆಟದಲ್ಲಿ ಮುಳ್ಳುಬೇಲಿ ಇಲ್ಲ. ಒಣಗಿದ ಕೊಂಬೆಗಳನ್ನು ಒಂದೊಂದಾಗಿ ತಿರುಗಿಸಿ, ಬುಡ ಒಳಗೆ ತುದಿ ಹೊರಗೆ ಮಾಡಿ ಹೆಣೆದೆ. ನಮ್ಮ ದನಗಳೂ ಇಲ್ಲ. ಯಾವುದೋ ದೇಶದ ಉದ್ದ ಕೊಂಬಿನವು ಸಿಕ್ಕವು. “ನೆಂಟ್ರು ಅಂದ್ಕ” ಎಂದರು ಅತ್ತೆ. ನೋಡುವ ಜನಕ್ಕೆ ದಾರಿ ಒಂದೇ ಕಡೆ, ಅದೂ ಬೇಲಿಯ ಹೊರಗೆ. ಅಲ್ಲೊಂದು ಕಲ್ಲು ಹಾಕಿಸಿದರು, ಕೂರುವುದಕ್ಕೆ. ಒಂದಲ್ಲ, ಎರಡು.

ಅದರ ಚಿತ್ರಗಳನ್ನು ಗುಂಪಿನಲ್ಲಿ ಹಾಕಿದ ವಾರಕ್ಕೆ ದೂರದೇಶದ ಯಾರೋ ಒಬ್ಬರು ಬರೆದಿದ್ದರು: ಇಂಥ ಬೇಲಿಯನ್ನೂ ಬಂಡೆಗಳನ್ನೂ ತಾವು ಎಲ್ಲಿಯೂ ಕಂಡಿಲ್ಲ, ಇದಕ್ಕೆ ಆಧಾರ ಯಾವುದು, ಎಲ್ಲಿ ಸಿಗುತ್ತದೆ? ನಾನು ಅದನ್ನು ಕನ್ನಡ ಮಾಡಿ ಓದಿ ಹೇಳಿದೆ. ಅತ್ತೆ ಸುಲಿಯುತ್ತಿದ್ದ ಕೈ ನಿಲ್ಲಿಸಿ, ಗಂಭೀರವಾಗಿ ಯೋಚಿಸಿದರು.

“ಬರಾಕೆ ಹೇಳು” ಎಂದರು. “ಬ್ಯಾಸಿಗೇಲಿ ಬ್ಯಾಡ, ಪಾಪ, ಈ ಬಿಸಿಲು ತಡೆಯಾಂಗಿಲ್ಲ ಅವ್ರಿಗೆ. ಸೀತಾಫಲದ ಕಾಲಕ್ಕೆ ಬರ್ಲಿ. ಪಾಲಯ್ಯಗೆ ನಾನು ಹೇಳ್ತೀನಿ.”

ನಾನು ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.