ಮುಳ್ಳು ನಡುಗೆರೆ ದಾಟಬಾರದು

ನಮ್ಮ ಮನೆಗೆ ಆ ಕಾರು ಬಂದಾಗ ನನ್ನ ಗಂಡ ಅದರ ಮುಖವನ್ನು ಯಾರಿಗೂ ತೋರಿಸಲಿಲ್ಲ. ನೋಡಲು ಬಂದವರನ್ನೆಲ್ಲ ಹಿಂಬದಿಗೆ ಕರೆದುಕೊಂಡು ಹೋಗಿ, ಡಿಕ್ಕಿಯ ಮೇಲೆ ಕೆಂಪಗೆ ಹೊಳೆಯುತ್ತಿದ್ದ ‘ಟರ್ಬೊ’ ಎಂಬ ಅಕ್ಷರಗಳ ಮುಂದೆ ನಿಲ್ಲಿಸುತ್ತಿದ್ದರು. ಎಂಬತ್ತರ ದಶಕದ ಕೊನೆಯ ಮಾತು ಇದು. ಶಿರಾದಲ್ಲಿ ನಮ್ಮದು ಕಡಲೆಕಾಯಿ ಮಿಲ್ಲು. ಗಲ್ಫಿನಿಂದ ವಾಪಸು ಬಂದವರೊಬ್ಬರು ಜೊತೆಗೆ ತಂದಿದ್ದ ಜಪಾನಿನ ಕಾರನ್ನು ಇವರಿಗೆ ಮಾರಿದ್ದರು. ಟರ್ಬೊ ಅಂದರೇನು ಎಂದು ಯಾರಾದರೂ ಕೇಳಲಿ ಅಂತ ಇವರು ಕಾಯುತ್ತಿದ್ದರು. ಕೇಳದಿದ್ದರೆ ತಾವೇ ಹೇಳುತ್ತಿದ್ದರು. ಬೇರೆ ಇಂಜಿನ್ನುಗಳು ಬೇಕಾದ ಗಾಳಿಯನ್ನು ತಾವೇ ಎಳೆದುಕೊಳ್ಳುತ್ತವೆ. ಇದರಲ್ಲಿ ಹೊಗೆಯ ರಭಸಕ್ಕೆ ತಿರುಗುವ ಚಕ್ರವೊಂದು ಗಾಳಿಯನ್ನು ಒಳಕ್ಕೆ ತುರುಕುತ್ತದೆ. ಜಾಸ್ತಿ ಗಾಳಿ, ಜಾಸ್ತಿ ಪೆಟ್ರೋಲು, ಜಾಸ್ತಿ ಓಟ. ಪುಣ್ಯಕ್ಕೆ ಹಾಲು ಹಾಕುವವಳು ಮಾತ್ರ ಪೂರ್ತಿ ಕೇಳದೆ ತಪ್ಪಿಸಿಕೊಂಡಳು.

ಆ ಕಾರಿನಲ್ಲಿ ನನಗೆ ಬೇಕಿದ್ದದ್ದು ಒಂದೇ, ಡ್ರೈವರ್ ಸೀಟು. ದೊಡ್ಡೇರಿ ಹತ್ತಿರದ ನನ್ನ ತವರಿನಲ್ಲಿ ನಾನು ಟ್ರ್ಯಾಕ್ಟರ್ ಓಡಿಸಿದವಳು. ಅಣ್ಣ ಹಟ ಹಿಡಿದು ಲೈಸೆನ್ಸನ್ನೂ ಮಾಡಿಸಿದ್ದ. ಕೇಳಿದಾಗಲೆಲ್ಲ ಇವರದು ಒಂದೇ ರಾಗ: “ಇದು ಟರ್ಬೊ ಕಣೇ. ಹೆಂಗಸ್ರ ಕೈಗೆ ನಿಲ್ಲಲ್ಲ.” ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಆದರೆ ಕಾರನ್ನು ಕೆಡಿಸಿದ್ದು ಹೆಂಗಸಲ್ಲ. ಒಂದು ಭಾನುವಾರ ಇವರೇ ಲಾರಿ ತೊಳೆಯುವ ಪೈಪು ಹಿಡಿದು ಇಂಜಿನ್ನಿಗೆ ಅಭ್ಯಂಜನ ಮಾಡಿಸಿದರು. ಅದರ ಪಕ್ಕದಲ್ಲಿ, ರಬ್ಬರ್ ಕೊಳವೆ ಸಿಕ್ಕಿಸಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯಿತ್ತು. ಪ್ರೆಶರ್ ಸೆನ್ಸರ್. ಒಳಗೆ ಹೋಗುವ ಗಾಳಿಯ ಒತ್ತಡವನ್ನು ಅಳೆಯುವುದು ಅದರ ಕೆಲಸ, ಆ ಅಳತೆಯ ಪ್ರಕಾರ ಪೆಟ್ರೋಲು ಬೀಳುತ್ತಿತ್ತು. ನೀರು ಕುಡಿದು ಅದು ಸತ್ತಿತು. ಕಾರು ಮಾರಿದವರೇ ಗಲ್ಫಿನ ನೆಂಟರ ಕೈಲಿ ಇನ್ನೊಂದು ತರಿಸಿಕೊಟ್ಟರು. ಅದೇ ಕಂಪನಿ, ಅದೇ ಆಕಾರ, ಸ್ಕ್ರೂ ತೂತುಗಳೂ ಕರಾರುವಾಕ್ಕಾಗಿ ಕೂತವು. ಪೇಟೆಯೊಳಗೆ ಕಾರು ಹೂವಿನ ಹಾಗೆ ಓಡಿತು. ಇವರ ಮುಖಕ್ಕೆ ಮತ್ತೆ ಕಳೆ ಬಂತು.

ಅದೇ ವಾರ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಚನ್ನರಾಯನದುರ್ಗದ ನಾದಿನಿಯ ಮನೆಗೆ ಹೊರಟೆವು. ಮಧುಗಿರಿ ದಾಟಿದ ಮೇಲೆ ಮುಂದೊಂದು ಬಸ್ಸು. ಇವರು ಆಕ್ಸಿಲರೇಟರನ್ನು ತುಳಿದರು. ಇಂಜಿನ್ನು ಕಟಕಟ ಅಂದು, ಮುಗ್ಗರಿಸಿ, ಸೈಲೆನ್ಸರಿನಲ್ಲಿ ಪಟಾಕಿ ಹೊಡೆದು ಹಿಂದೆ ಬಿತ್ತು. ಮತ್ತೆ ತುಳಿದರು, ಮತ್ತೆ ಪಟಾಕಿ. ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, “ಸಾವ್ಕಾರ್ರೇ, ಎಳ್ಕೊಂಡೋಗಾಕೆ ಅಗ್ಗ ಏನಾದ್ರೂ ಬೇಕಾ?” ಅಂದ. ನಾನು ಕಿಟಕಿಯ ಕಡೆ ತಿರುಗಿ ಸೆರಗನ್ನು ಬಾಯಿಗೆ ತುರುಕಿಕೊಂಡೆ.

ನಕ್ಕರೂ ನನ್ನ ಕಣ್ಣು ಸುಮ್ಮನಿರಲಿಲ್ಲ. ಮುಂದೆ ಟರ್ಬೊದ ಒತ್ತಡ ತೋರಿಸುವ ಮೀಟರ್ ಇತ್ತು, ನಟ್ಟನಡುವೆ ಒಂದು ಗೆರೆ. ಮುಳ್ಳು ಆ ಗೆರೆ ದಾಟಿದಾಗ ಮಾತ್ರ ಕಾರು ಮುಗ್ಗರಿಸುತ್ತಿತ್ತು. ಶಿರಾಕ್ಕೆ ಬಂದ ಮೇಲೆ ಮೆಕ್ಯಾನಿಕ್ ಸಾಬರಿಗೆ ಇದನ್ನು ಹೇಳಿದೆ. ಅವರು ಗಲ್ಫಿನ ಗ್ಯಾರೇಜಿನಲ್ಲಿ ದುಡಿದು ಬಂದವರು. ಡಬ್ಬಿಯನ್ನು ಬಿಚ್ಚಿ ತಿರುಗಿಸಿ ನೋಡಿ ನಕ್ಕರು.

“ಇದು ಟರ್ಬೊ ಇಲ್ದಿರೋ ಗಾಡೀದು, ಸಾವ್ಕಾರ್ರೆ. ಹೊರಗಿನ ಗಾಳಿಗೆ ಎಷ್ಟು ಒತ್ತಡ ಇದೆಯೋ ಅಷ್ಟರವರೆಗೆ, ಅಂದ್ರೆ ಮೀಟರಿನ ನಡುಗೆರೆವರೆಗೆ, ಅಳೆಯೋದು ಮಾತ್ರ ಇದಕ್ಕೆ ಗೊತ್ತು. ನಿಮ್ಮ ಟರ್ಬೊ ಅದಕ್ಕಿಂತ ಜಾಸ್ತಿ ತುಂಬುತ್ತೆ. ಒಂದು ಸೇರಿನ ಅಳತೆಗೆ ಒಂದೂವರೆ ಸೇರು ಸುರಿದ್ರೆ ಏನಾಗುತ್ತೆ?”

“ಮಿಕ್ಕಿದ್ದು ಚೆಲ್ಲುತ್ತೆ,” ಅಂದರು ಇವರು. ಕಡಲೆಕಾಯಿ ವಿಷಯಕ್ಕೆ ತಂದರೆ ಇವರಿಗೆ ಎಲ್ಲವೂ ಬೇಗ ಅರ್ಥವಾಗುತ್ತದೆ.

“ಲೆಕ್ಕಕ್ಕೆ ಸಿಗೋದು ಒಂದೇ ಸೇರು. ಪೆಟ್ರೋಲೂ ಒಂದೇ ಸೇರಿಗಾಗೋಷ್ಟು ಬರುತ್ತೆ. ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ. ಹಿಂಗೇ ಒತ್ತುತ್ತಾ ಇದ್ರೆ ಪಿಸ್ಟನ್ ತೂತು ಬೀಳುತ್ತೆ. ಸರಿಯಾದ್ದು ಬರೋವರೆಗೂ ಮುಳ್ಳು ನಡುಗೆರೆ ದಾಟಬಾರದು. ಜರಾ ಆಹಿಸ್ತಾ.”

ಆಹಿಸ್ತಾ ಅಂದರೆ ನಿಧಾನ. ನನ್ನ ಗಂಡನ ಕಾಲಿಗೂ ಅದಕ್ಕೂ ಹುಟ್ಟಿನಿಂದಲೂ ಆಗಿಬರುವುದಿಲ್ಲ. ಮುಂದಿನ ಸಲ ನಾದಿನಿಯ ಊರಿಗೆ ಹೋಗುವಾಗ ದಾರಿಯ ಏರಿನಲ್ಲಿ ಕಾರು ಉಬ್ಬಸ ಹತ್ತಿ ನಿಂತೇ ಹೋಯಿತು. ಹಿಂದೆ ಎತ್ತಿನ ಗಾಡಿಯವನು ಕಾಯುತ್ತಿದ್ದ. ಅತ್ತೆ ಬಾಗಿಲು ತೆಗೆದು ಕೆಳಗಿಳಿದರು.

“ಲೇ, ನೀನು ಇಳೀಲಾ. ಅವ್ಳು ಟ್ಯಾಕ್ಟ್ರು ಓಡ್ಸಿರೋಳು. ಕೊಟ್ಟುಬುಡು ಅವ್ಳಿಗೆ.”

“ಅವ್ವ, ಇದು ಟರ್ಬೊ...”

“ಅದೇನ್ ಬೊ ಆದ್ರೂ ನಿಂತೈತಲ್ಲ. ಇಳಿ ಅಂದ್ರೆ.”

ಇಳಿದರು. ನಾನು ಮತ್ತೆ ಸ್ಟಾರ್ಟ್ ಮಾಡಿ, ಮೊದಲ ಗೇರು ಹಾಕಿ, ಮುಳ್ಳಿನ ಮೇಲೊಂದು ಕಣ್ಣಿಟ್ಟು, ಕಾಲಿನ ಹೆಬ್ಬೆರಳಿನಿಂದ ಮಾತ್ರ ಆಕ್ಸಿಲರೇಟರ್ ಒತ್ತಿದೆ. ಕಾರು ಗೊಣಗದೆ ಏರು ಹತ್ತಿತು. ಎತ್ತಿನ ಗಾಡಿಗಿಂತ ಸ್ವಲ್ಪ ಮುಂದೆ ಹೋದೆವು ಅನ್ನುವುದಷ್ಟೇ ಹೆಚ್ಚುಗಾರಿಕೆ, ಆದರೂ ನನಗೆ ಆವತ್ತು ಆದ ಖುಷಿ ಹೇಳತೀರದು.

ಆಮೇಲೆ ಸೀಟು ನನ್ನದಾಯಿತು. ಕೊರಟಗೆರೆಯ ಮದುವೆ, ಮಧುಗಿರಿಯ ನಾಮಕರಣ, ಎಲ್ಲಕ್ಕೂ ನಾನೇ. ಪಾವಗಡದಲ್ಲಿ ಟೀ ಅಂಗಡಿಯವನು “ಚೂಡರಾ, ಆಡಮನಿಷಿ ತೋಲ್ತಾ ಉಂದಿ,” ಹೆಂಗಸು ಓಡಿಸ್ತಿದಾಳೆ ನೋಡೋ, ಎಂದು ಪಕ್ಕದವನಿಗೆ ತೋರಿಸಿದ. ನನ್ನ ಗಂಡ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ನಾನು ಬೇಕೆಂದೇ ಹಾರ್ನ್ ಹೊಡೆದೆ.

ಕೊನೆಗೆ ಸರಿಯಾದ ಸೆನ್ಸರ್ ಬಂತು. ಸಾಬರು ಹಾಕಿಕೊಟ್ಟರು. ಇವರು ಹೆದ್ದಾರಿಯಲ್ಲಿ ಒಂದು ಸುತ್ತು ಹಾರಿಸಿಕೊಂಡು ಬಂದು, ಕಾಲೇಜು ಹುಡುಗನಂತೆ ಬೀಗದಕೈ ಆಡಿಸುತ್ತಾ ಅಂಗಳದಲ್ಲಿ ನಿಂತರು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಸದ್ದಾಗುವಂತೆ ಇಟ್ಟೆ. ಕಾರು ಸರಿಹೋಯಿತೆಂದು ಅಳು ಬಂದದ್ದು ನನಗೊಬ್ಬಳಿಗೇ ಇರಬೇಕು.

ಮಾರನೆಯ ದಿನ ನಾದಿನಿಯ ಮನೆಗೆ ಹೊರಟಾಗ ಇವರು ಮೊದಲೇ ಸ್ಟೇರಿಂಗ್ ಹಿಡಿದು ಕೂತಿದ್ದರು. ಅತ್ತೆ ಕೈಚೀಲ ಹಿಡಿದು ಹೊರಗೇ ನಿಂತರು.

“ಅವ್ಳು ಓಡ್ಸುದ್ರೆ ಬತ್ತೀನಿ. ಇಲ್ಲಾಂದ್ರೆ ಬಸ್ಸಿಗೋಯ್ತೀನಿ. ನಿನ್ ಓಟ ನಂಗೆ ಆಗಾಕಿಲ್ಲ ಕಣ್ಲಾ.”

ಇವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಇಳಿದು ಪಕ್ಕಕ್ಕೆ ಬಂದು ಕೂತರು.

ಅತ್ತೆ ನನ್ನನ್ನು ಆರಿಸಿಕೊಂಡದ್ದು ನನ್ನ ನಿಧಾನಕ್ಕೆ. ಗೊತ್ತಿತ್ತು. ಊರು ದಾಟುವವರೆಗೂ ಹಾಗೇ ಓಡಿಸಿದೆ. ಅಷ್ಟರಲ್ಲಿ ರಸ್ತೆ ನೆಟ್ಟಗಾಯಿತು, ಕಣ್ಣಿಗೆ ಕಾಣುವಷ್ಟು ದೂರ ಒಂದು ಕುರಿಯೂ ಇರಲಿಲ್ಲ. ಇಷ್ಟು ತಿಂಗಳು ತಡೆದಿಟ್ಟುಕೊಂಡಿದ್ದ ಕಾಲು ನನ್ನ ಮಾತು ಕೇಳಲಿಲ್ಲ. ಮುಳ್ಳು ನಡುಗೆರೆಗೆ ಬಂತು, ದಾಟಿತು, ಮುಂದೆಲ್ಲೋ ಹೋಯಿತು. ಬೆನ್ನು ಸೀಟಿಗೆ ಅಂಟಿಕೊಂಡಿತು.

“ನಿಧಾನ ಕಣೇ, ನಿಧಾನ,” ಎಂದು ಇವರು ಬಾಗಿಲಿನ ಹಿಡಿ ಹಿಡಿದುಕೊಂಡರು.

ಹಿಂದಿನಿಂದ ಅತ್ತೆಯ ದನಿ ಬಂತು.

“ಬಾಯ್ ಮುಚ್ಕೊಂಡು ಕೂತ್ಕಳ್ಲಾ. ಅವ್ಳು ಓಡುಸ್ತಾವ್ಳೆ.”