ಮನೆ ಮಗನ ಫೋನು

ನಾನು ಒಳ್ಳೆಯ ಮಾತಿನ ಮನುಷ್ಯ ಎಂದು ಅರವತ್ತಮೂರು ವರ್ಷ ನಂಬಿಕೊಂಡಿದ್ದೆ. ಹಸು ಒದ್ದರೂ ಹಸುವನ್ನು ಬೈದವನಲ್ಲ. ಕಳೆದ ಚುನಾವಣೆ ಆ ನಂಬಿಕೆಯನ್ನು ನನ್ನಿಂದ ಕಿತ್ತುಕೊಂಡಿತು. ಯಾವ ಪಕ್ಷದವರು ಎಂದು ಕೇಳಬೇಡಿ. ಅವರಲ್ಲಿ ಬೇರೆ ಯಾವುದರಲ್ಲೂ ಕಾಣದ ಒಗ್ಗಟ್ಟು ಈ ವಿಷಯದಲ್ಲಿ ಕಂಡಿತು. ಎಲ್ಲರೂ ಸೇರಿಯೇ ಕಿತ್ತುಕೊಂಡರು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಪಶು ಪರೀಕ್ಷಕನಾಗಿ ಕೆಲಸ ಮಾಡಿ, ನಿವೃತ್ತನಾಗಿ, ಈಗ ಬಂಗಾರಪೇಟೆಯಲ್ಲಿದ್ದೇನೆ. ನಾನು ಡಾಕ್ಟರಲ್ಲ. ಆದರೆ ಬೂದಿಕೋಟೆ ಸುತ್ತಿನ ಹಳ್ಳಿಗಳಲ್ಲಿ ನನ್ನನ್ನು ಡಾಕ್ಟ್ರು ಎಂದೇ ಕರೆಯುತ್ತಾರೆ, ನಾನೂ ಇಷ್ಟು ವರ್ಷ ಅದನ್ನು ತಿದ್ದಲು ಆತುರಪಟ್ಟಿಲ್ಲ. ನನ್ನ ಫೋನ್ ನಂಬರು ಎಷ್ಟೋ ಕೊಟ್ಟಿಗೆಗಳ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದಿದೆ. ನಿವೃತ್ತಿಯಾದದ್ದು ನನಗೆ, ಗೋಡೆಗಳಿಗಲ್ಲವಲ್ಲ. ಈಗಲೂ ಹಸು ಮೇವು ಬಿಟ್ಟರೆ ಫೋನು ಬರುತ್ತದೆ. "ಸಾಕಪ್ಪಾ, ಬಿಡುವೇ ಇಲ್ಲ" ಎಂದು ಹೆಂಡತಿಯ ಮುಂದೆ ಗೊಣಗುತ್ತಾ, ಒಳಗೊಳಗೇ ಹಿಗ್ಗುತ್ತಾ ಚಪ್ಪಲಿ ಮೆಟ್ಟುತ್ತೇನೆ.

ಹೀಗೆ ಗುರುತಿಲ್ಲದ ನಂಬರುಗಳನ್ನೇ ನಂಬಿ ಬದುಕುವವನಿಗೆ ಚುನಾವಣೆ ಬಂದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ಬೆಳಿಗ್ಗೆ ಹಲ್ಲುಜ್ಜುವಾಗ ಫೋನು. "ನಮಸ್ಕಾರ. ನಾನು ನಿಮ್ಮ ಮನೆ ಮಗ ಮಾತಾಡ್ತಾ ಇದ್ದೀನಿ." ತಿಂಡಿಯ ಹೊತ್ತಿಗೆ ಇನ್ನೊಬ್ಬ ಮನೆ ಮಗ. ಸ್ನಾನದ ಮನೆಯಿಂದ ಟವೆಲ್ ಸುತ್ತಿಕೊಂಡು ಓಡಿ ಬಂದರೆ ಮೂರನೆಯವನು, ಹಿನ್ನೆಲೆಯಲ್ಲಿ ಶಹನಾಯಿ ಬೇರೆ. ನಮಗಿರುವುದು ಒಬ್ಬಳೇ ಮಗಳು. ಒಂದೇ ವಾರದಲ್ಲಿ ನಾಲ್ವರು ಗಂಡುಮಕ್ಕಳೂ ಇಬ್ಬರು ತಮ್ಮಂದಿರೂ ಹುಟ್ಟಿಕೊಂಡರು. "ಇಷ್ಟು ಜನ ಗಂಡುಮಕ್ಕಳಲ್ಲಿ ಒಬ್ಬನಾದ್ರೂ ಬಂದು ಗ್ಯಾಸ್ ಸಿಲಿಂಡರ್ ಎತ್ತಿಡ್ತಾನಾ ಕೇಳಿ" ಎಂದಳು ಹೆಂಡತಿ. ಕೇಳುವುದು ಹೇಗೆ? ಈ ಮಕ್ಕಳಿಗೆ ಬಾಯಿ ಕೊಟ್ಟ ದೇವರು ಕಿವಿ ಕೊಡಲು ಮರೆತಿದ್ದಾನೆ.

ಕೋರಮಂಡಲ್‌ನಲ್ಲಿರುವ ನನ್ನ ಗೆಳೆಯ ಸೆಲ್ವರಾಜನಿಗೆ ಇದೆಲ್ಲ ಮೊದಲೇ ಹಿಡಿದಿಟ್ಟ ದನಿ ಎಂಬುದು ಗೊತ್ತಿರಲಿಲ್ಲ. ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯ ಕೆಳಗೆ ದುಡಿದವನು, ಸಿಡಿಮದ್ದಿನ ಸದ್ದಿಗೆ ಕಿವಿ ಅರ್ಧ ಮಂದವಾಗಿದೆ. ಅವನಿಗೆ ಮೊದಲ ಸಲ ಫೋನು ಬಂದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಇಷ್ಟು ದೊಡ್ಡ ಮನುಷ್ಯ ತನಗೆ ಫೋನು ಮಾಡಿದನಲ್ಲ ಎಂದು ಸೆಲ್ವರಾಜ ಎದ್ದು ನಿಂತ. ನಿಂತುಕೊಂಡೇ, ಬೀದಿಗೆ ಕೇಳುವ ಹಾಗೆ, ನಲ್ಲಿಯಲ್ಲಿ ನೀರು ಬಾರದ್ದನ್ನು ವಿವರಿಸಿದ. ಅತ್ತ ಕಡೆಯ ದನಿ ತನ್ನ ಪಾಡಿಗೆ ತಾನು ಹರಿಯುತ್ತಲೇ ಇತ್ತು. "ಇರುಪ್ಪಾ, ಬದಿಲ್ ಸೊಲ್ಲು" ಎಂದು, ಅಂದರೆ ಇರಪ್ಪಾ, ಉತ್ತರ ಹೇಳು ಎಂದು ಎರಡು ಸಲ ಬೇಡಿಕೊಂಡ. ಕೊನೆಗೆ ಫೋನು ತಾನಾಗಿ ಕಟ್ಟಾಯಿತು. ಸೆಲ್ವರಾಜ ಕೂತು, "ಪಾಪ, ಅವರಿಗೂ ಕಿವಿ ಕೇಳಲ್ಲ ಅನ್ಸುತ್ತೆ" ಎಂದ. ನಾನು ನಕ್ಕೆ. ಅದು ಯಂತ್ರ ಎಂದು ಹೇಳುವ ಧೈರ್ಯವಾಗಲಿಲ್ಲ. ಅವನು ಎದ್ದು ನಿಂತದ್ದನ್ನು ನೋಡಿಬಿಟ್ಟಿದ್ದೆನಲ್ಲ.

ಹಿಂದಿನವರು ಡಂಗುರ ಸಾರುತ್ತಿದ್ದರು. ಡಂಗುರದವನು ನಡೆದುಕೊಂಡು ಬರುತ್ತಿದ್ದ, ಅವನಿಗೂ ಬಾಯಾರುತ್ತಿತ್ತು, ಯಾರದೋ ಮನೆಯ ಮುಂದೆ ನಿಂತು ನೀರು ಕೇಳುತ್ತಿದ್ದ. ನೀರು ಕೊಡುವಾಗ ಎರಡು ಮಾತು ಅವನಿಗೂ ಅಂಟಿಸಿ ಕಳಿಸಬಹುದಿತ್ತು. ಇನ್ನು ರಾಜರ ಶಾಸನಗಳು. ನಮ್ಮ ಸೀಮೆಯಲ್ಲಿ ಅಂಥ ಕಲ್ಲುಗಳಿಗೇನೂ ಬರವಿಲ್ಲ. ಅವೂ ತಮ್ಮ ಹೊಗಳಿಕೆಯನ್ನು ತಾವೇ ಮಾಡಿಕೊಳ್ಳುತ್ತವೆ, ಒಪ್ಪುತ್ತೇನೆ. ಆದರೆ ಶಾಸನಕ್ಕೆ ಒಂದು ಮರ್ಯಾದೆಯಿದೆ: ನೆಟ್ಟಲ್ಲೇ ನಿಂತಿರುತ್ತದೆ. ಓದಬೇಕೆನಿಸಿದರೆ ನಾವೇ ಹೋಗಬೇಕು. ಯಾವ ರಾಜನ ಬಿರುದಾವಳಿಯೂ ಇದುವರೆಗೆ ನನ್ನ ಸ್ನಾನದ ಮನೆಯ ಬಾಗಿಲು ತಟ್ಟಿಲ್ಲ.

ಮತದಾನಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ನನ್ನ ತಾಳ್ಮೆ ಮುಗಿಯಿತು. ಹೆಸರು ಕಾಣಿಸದ ಯಾವ ನಂಬರನ್ನೂ ಎತ್ತುವುದಿಲ್ಲ ಎಂದು ತೀರ್ಮಾನಿಸಿದೆ. ಫೋನು ಬಾಯಿ ತೆರೆಯುವ ಮೊದಲೇ ಕತ್ತು ಹಿಸುಕುವುದರಲ್ಲಿ ಎಂಥ ಸುಖವಿದೆ ಎಂದು ಅನುಭವಿಸಿದವರಿಗೇ ಗೊತ್ತು. ಮಾರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಒಂದೇ ನಂಬರು ಮತ್ತೆ ಮತ್ತೆ ಬಂತು. ಆರು ಸಲ ಕತ್ತರಿಸಿದೆ. ಏಳನೆಯ ಸಲ ರೇಗಿಹೋಯಿತು. ಎತ್ತಿದೆ. ಅತ್ತ ಕಡೆ ಮಾತಿಲ್ಲ, ಬರೀ ಗರಗರ ಸದ್ದು. ಶಹನಾಯಿ ಶುರುವಾಗುವ ಮುಂಚಿನ ಸದ್ದೂ ಹಾಗೇ ಇರುತ್ತದೆ. ಅದು ಶುರುವಾಗುವ ಮೊದಲೇ ನಾನು ಕಿರುಚಿದೆ: "ನಿನ್ನಂಥೋರಿಗೆ ನನ್ನ ಓಟಿಲ್ಲ! ಸಾಯಿ ಹೋಗು, ಇಡು ಫೋನು!"

ಪಕ್ಕದ ಮನೆಯವರು ಇಣುಕಿದರು. ನನಗೆ ಎಷ್ಟು ಹಗುರಾಯಿತೆಂದರೆ, ಹೆಂಡತಿಗೆ ಹೇಳಿ ಇನ್ನೊಂದು ಲೋಟ ಕಾಫಿ ಮಾಡಿಸಿಕೊಂಡು ಕುಡಿದೆ.

ಹನ್ನೊಂದೂವರೆಗೆ ಗೇಟಿನ ಹತ್ತಿರ ಒಬ್ಬ ಮನುಷ್ಯ ಬಂದು ನಿಂತ. ಮೈಕೈಯೆಲ್ಲ ಸಿಮೆಂಟು. ಒಳಗೆ ಬಾ ಎಂದರೂ ಬರಲಿಲ್ಲ. ಗುರುತು ಹತ್ತಿತು: ಬೂದಿಕೋಟೆಯಾಚೆಯ ಹಳ್ಳಿಯ ನಾರಾಯಣಪ್ಪ. ಬಂಗಾರಪೇಟೆಗೆ ದಿನಾ ಗಾರೆ ಕೆಲಸಕ್ಕೆ ಬರುತ್ತಾನೆ, ಊರಲ್ಲಿ ಹೆಂಡತಿ ಮುನಿಯಮ್ಮ ಒಂದು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಯಾವಾಗಲೂ ನಗುತ್ತಾ ಮಾತಾಡುವವನು ಅವತ್ತು ಕೈ ಕಟ್ಟಿಕೊಂಡು ನಿಂತಿದ್ದ.

"ಸಾ, ನೀವು ಯಾವ ಪಾರ್ಟಿ ಯೋಳ್ಬುಡಿ ಸಾ" ಎಂದ. "ಅದಕ್ಕೇ ಆಕ್ತೀವಿ. ನಾನೂ, ನನ್ನೆಂಡ್ರೂ, ನಮ್ಮವ್ವನೂ, ಮೂರೋಟು. ದೇವ್ರಾಣೆ. ಅಸ ಒಂದು ಉಳಿಸ್ಕೊಡಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವನು ಬಿಡಿಸಿ ಹೇಳಿದ. ಮುಂಜಾನೆಯಿಂದ ಹಸುವಿಗೆ ಹೆರಿಗೆ ನೋವು. ಕರು ಬರುತ್ತಿಲ್ಲ. ಮನೆಗಿರುವ ಒಂದೇ ಫೋನು ಇವನ ಹತ್ತಿರ. ಮುನಿಯಮ್ಮ ಕೊಟ್ಟಿಗೆ ಗೋಡೆಯ ಮೇಲಿನ ನಂಬರು ನೋಡಿ, ಪಕ್ಕದವರ ಫೋನಿನಿಂದ ನನಗೆ ಮಾಡಿದ್ದಳು. ಏಳು ಸಲ. ಕೊನೆಯ ಸಲ ನಾನು ಎತ್ತಿದಾಗ ಅವಳಿಗೆ ಅಳು ಬಂದು ಮಾತು ಹೊರಡಲಿಲ್ಲವಂತೆ. ಅಷ್ಟರಲ್ಲಿ ನಾನು ಉತ್ತರ ಕೊಟ್ಟಾಗಿತ್ತು. ಅವಳು ಗಂಡನಿಗೆ ಫೋನು ಮಾಡಿ, "ಡಾಕ್ಟ್ರು ನಮ್ಗೆ ಬರಾಕಿಲ್ವಂತೆ. ನಾವು ಅವ್ರ ಪಾರ್ಟಿಗೆ ಆಕಲ್ಲ ಅಂತ ಯಾರೋ ಯೋಳ್ಕೊಟ್ಟವ್ರೆ. ನೀನೇ ಓಗಿ ಕೇಳ್ಕೊ" ಎಂದಿದ್ದಳು.

ಅವನ ಮುಖ ನೋಡಲಾಗಲಿಲ್ಲ. "ಲೇ, ಅದು ನಿಮ್ಮವಳು ಅಂತ ಗೊತ್ತಿರಲಿಲ್ಲ ಕಣೋ. ಮಿಷನ್ನು ಅಂದ್ಕೊಂಡೆ" ಎಂದೆ. ನಾರಾಯಣಪ್ಪ ತಲೆ ಆಡಿಸಿದ. ನಂಬಿ ಆಡಿಸಿದ್ದಲ್ಲ, ದೊಡ್ಡವರು ಏನು ಹೇಳಿದರೂ ಆಡಿಸುತ್ತಾರಲ್ಲ, ಹಾಗೆ.

ಅವನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರು ಓಡಿಸಿದೆ. ದಾರಿಯಲ್ಲಿ ಜೇಬಿನೊಳಗೆ ಫೋನು ಮೂರು ಸಲ ಬಡಿದುಕೊಂಡಿತು. ಹೋಗುವಷ್ಟರಲ್ಲಿ ಹಸು ನೆಲಕ್ಕೆ ಬಿದ್ದಿತ್ತು. ಮುನಿಯಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದು, ಬಿಸಿನೀರು, ಸೋಪು, ಹರಳೆಣ್ಣೆ ತಂದಿಟ್ಟಳು. ಕೈ ಹಾಕಿ ನೋಡಿದೆ. ಕರುವಿನ ಮುಂಗಾಲುಗಳು ಸರಿಯಾಗಿದ್ದವು, ಕತ್ತು ಹಿಂದಕ್ಕೆ ತಿರುಗಿಕೊಂಡಿತ್ತು. ಕರುವನ್ನು ಒಳಕ್ಕೆ ತಳ್ಳಿ ತಲೆಯನ್ನು ಮುಂದಕ್ಕೆ ತರಬೇಕು. ತೋಳು ಭುಜದವರೆಗೆ ಒಳಗೆ, ಕೆನ್ನೆ ಹಸುವಿನ ತೊಡೆಗೆ ಒತ್ತಿಕೊಂಡಿದೆ, ಬೆರಳ ತುದಿಗೆ ಕರುವಿನ ದವಡೆ ಈಗ ಸಿಕ್ಕಿತು, ಈಗ ಜಾರಿತು.

ಆಗ ಫೋನು ಹೊಡೆದುಕೊಂಡಿತು.

ಯಾರದೋ ಮುಖ್ಯವಾದ ಫೋನಿರಬೇಕೆಂದು ಮುನಿಯಮ್ಮ ನನ್ನ ಜೇಬಿನಿಂದ ಅದನ್ನು ತೆಗೆದು, ಒತ್ತಿ, ನನ್ನ ಕಿವಿಗೆ ಹಿಡಿದಳು. "ನಮಸ್ಕಾರ. ನಾನು ನಿಮ್ಮ ಮನೆ ಮಗ." ನನ್ನ ಬಲಗೈ ಹಸುವಿನೊಳಗೆ, ಎಡಗೈಯಲ್ಲಿ ಕರುವಿನ ಕಾಲಿಗೆ ಕಟ್ಟಿದ ಹಗ್ಗ. ಬಾಯಿ ತೆರೆದರೆ ಉಸಿರು ಮಾತ್ರ ಬರುತ್ತಿತ್ತು. ಕೇಳದೆ ಗತಿಯಿರಲಿಲ್ಲ. ಬಡವರ ಕಣ್ಣೀರು ಒರೆಸುತ್ತೇನೆ ಎಂದ. ಹಗಲಿರುಳೂ ನಿಮ್ಮ ಸೇವೆಯಲ್ಲಿದ್ದೇನೆ ಎಂದ. ರೈತನೇ ದೇಶದ ಬೆನ್ನೆಲುಬು ಎಂದ. ಅವನು ಬೆನ್ನೆಲುಬಿಗೆ ಬರುವ ಹೊತ್ತಿಗೆ ದವಡೆ ಮತ್ತೊಮ್ಮೆ ಜಾರಿತು. "ನಿಮ್ಮ ಬೆಂಬಲ ನನಗಿದ್ದರೆ ಒಂದನ್ನು ಒತ್ತಿ."

ಕೊಟ್ಟಿಗೆಯ ಮೌನದಲ್ಲಿ ಅದು ಅವಳಿಗೂ ಕೇಳಿಸಿತು. "ಒತ್ಲಾ ಸಾ?" ಎಂದಳು. ನಾನು ಬೇಡವೆಂದು ತಲೆ ಅಲ್ಲಾಡಿಸಲು ನೋಡಿದೆ. ಹಸುವಿನ ತೊಡೆಗೆ ಅಂಟಿದ ತಲೆ ಯಾವ ಕಡೆ ಅಲ್ಲಾಡಿತೋ. ಅವಳು ಒಂದನ್ನು ಒತ್ತಿದಳು. ಜೋರಾಗಿ, ಹೆಬ್ಬೆರಳಿನಿಂದ, ಹಸುವಿನ ಜೀವ ಆ ಗುಂಡಿಯಲ್ಲೇ ಇರುವ ಹಾಗೆ. "ಧನ್ಯವಾದಗಳು" ಎಂದಿತು ಫೋನು.

ತಲೆಯನ್ನು ತಿರುಗಿಸಲು ಇನ್ನೂ ಅರ್ಧ ಗಂಟೆ ಹಿಡಿಯಿತು. ನಾರಾಯಣಪ್ಪನೂ ನಾನೂ ಸೇರಿ ಎಳೆದೆವು. ಹೆಣ್ಣುಗರು. ಮೂಗು ಒರೆಸಿದೆ, ಎದೆ ಉಜ್ಜಿದೆ, ಹಿಂಗಾಲು ಹಿಡಿದು ತೂಗಿದೆ. ಉಸಿರಾಡಲಿಲ್ಲ. ಒಂದು ಗಂಟೆ ಮುಂಚೆ ಬಂದಿದ್ದರೆ ಉಳಿಯುತ್ತಿತ್ತೋ ಏನೋ. ಈ 'ಏನೋ' ನನ್ನ ಸಮಾಧಾನಕ್ಕೆ ಸೇರಿಸಿಕೊಂಡದ್ದು. ಮೂವತ್ತು ವರ್ಷದ ಅನುಭವ ಅದನ್ನು ಒಪ್ಪುವುದಿಲ್ಲ. ಹಸು ಉಳಿಯಿತು. ಸಂಜೆ ನಾನು ಹೊರಡುವಾಗ ಎದ್ದು ನಿಂತು ನೀರು ಕುಡಿಯಿತು. "ಓಗ್ಲಿ ಬುಡಿ ಸಾ, ತಾಯಿ ಉಳ್ಕೊಂತಲ್ಲ" ಎಂದಳು ಮುನಿಯಮ್ಮ. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮತದಾನ ಮುಗಿದೊಡನೆ ಫೋನುಗಳು ಪೂರ್ತಿ ನಿಂತವು. ಗೆದ್ದ ಮಗನೂ ಮಾಡಲಿಲ್ಲ, ಸೋತ ಮಗನೂ ಮಾಡಲಿಲ್ಲ. ಅವರಿಂದ ನಾನು ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿರಲೂ ಇಲ್ಲ.

ಹಸುವನ್ನು ನೋಡಲು ಮತ್ತೆ ಹೋದೆ. ಸುಮ್ಮನೆ ನೋಡಲು ಎಂದುಕೊಂಡಿದ್ದೆ. ಆದರೆ ಕೊಟ್ಟಿಗೆಯೊಳಗೆ ಕಾಲಿಟ್ಟೊಡನೆ ಫೋನಿನ ಕಥೆ ವಿವರಿಸಲು ಶುರುಮಾಡಿದೆ. ಆ ಕಥೆ ಹೇಳುತ್ತಿದ್ದದ್ದು ಅದು ಮೂರನೆಯ ಸಲ. ಮನುಷ್ಯರ ದನಿಯನ್ನು ಹಿಡಿದಿಟ್ಟು ಒಮ್ಮೆಗೇ ಸಾವಿರಾರು ಜನಕ್ಕೆ ಹೇಗೆ ಕಳಿಸುತ್ತಾರೆ, ನಾನು ಹೇಗೆ ಮೋಸಹೋದೆ, ನನಗೆ ಯಾವ ಪಾರ್ಟಿಯೂ ಇಲ್ಲ ಎಂಬುದನ್ನೆಲ್ಲ ಕೈ ಆಡಿಸಿ ಹೇಳಿದೆ. ಮುನಿಯಮ್ಮ ಹಾಲು ಕರೆಯುತ್ತಾ, ತಿರುಗದೆ, ಪೂರ್ತಿ ಕೇಳಿಸಿಕೊಂಡಳು.

"ಬುಡಿ ಸಾ" ಎಂದಳು ಕೊನೆಗೆ. "ನಮ್ಮನೆಯವ್ರು ನಿಮ್ಮ ಗೇಟಲ್ಲಿ ನಿಂತ್ಕೊಂಡು ಮೂರೋಟು ಕೊಟ್ಬುಟ್ರಂತೆ. ಅವ್ರ್ದು ಅವ್ರಿಷ್ಟ. ನಂದು ನಾನೇ ಆಕ್ದೆ."

ಆ ಕ್ಷಣದಲ್ಲಿ ಸುಮ್ಮನಿರಬಹುದಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಯಾರಿಗೆ ಹಾಕಿದೆ?" ಎಂದು ಕೇಳಿಯೇಬಿಟ್ಟೆ.

ಅವಳು ಕರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಆ ದಿನದ ನಂತರ ಮೊದಲ ಸಲ ನಕ್ಕಳು.

"ಇಷ್ಟೊತ್ತು ನೀವು ಮನುಷ್ಯರು, ಮಿಷನ್ನಲ್ಲ ಅಂತ ನಂಬ್ಕೊಂಡಿದ್ದೆ ಸಾ" ಎಂದಳು.