ಸಿಕುಧಾನಿಯ ಕೇದಗೆ ಮರದ ಯಜಮಾನ

ಕೇದಗೆಯ ಗರಿ ಕೊಯ್ಯುವ ಮುನ್ನ ಕತ್ತಿಯ ಮರದ ಹಿಡಿಯಿಂದ ಕಾಂಡವನ್ನು ಮೆಲ್ಲಗೆ ತಟ್ಟಬೇಕು. ಒಳಗೆ ಹಾವಿದ್ದರೆ ಸರಿದುಹೋಗಲಿ ಎಂದು. ಉಲುಗುರು ಬೆಟ್ಟದ ಬುಡದಲ್ಲಿ ಚಾಪೆ ಹೆಣೆಯುವ ನಮ್ಮೂರ ಹೆಂಗಸರೆಲ್ಲ ಹಾಗೇ ಮಾಡುತ್ತಾರೆ. ಆದರೆ ಸಿಕುಧಾನಿ ತಟ್ಟಿದರೆ ಹಲ್ಲಿ ಇಳಿದು ಬರುತ್ತಿತ್ತು.

ಬೆರಳುದ್ದದ ಹಲ್ಲಿ. ಬೆನ್ನೆಲ್ಲ ಹೊಳೆಯುವ ನೀಲಿ, ಗಂಟಲು ಕಪ್ಪು, ಹೊಟ್ಟೆ ಕಿತ್ತಳೆ. ಅವಳು ಗರಿ ಎಳೆದಾಗ ಬುಡದಿಂದ ಚೆದುರುವ ಇರುವೆ, ಹುಳಗಳನ್ನು ಅದು ಹೆಕ್ಕಿ ನುಂಗುತ್ತಿತ್ತು. ಗರಿಯ ಸಂದಿನ ನೀರು ನೆಕ್ಕುತ್ತಿತ್ತು. ಇನ್ನೊಂದು ಗಂಡು ಕಂಡರೆ ಗಂಟಲುಬ್ಬಿಸಿ ತಲೆ ಕುಣಿಸುತ್ತಿತ್ತು. ಸಿಕುಧಾನಿ ಅದನ್ನು ಯಜಮಾನರೇ ಎಂದು ಕರೆಯುವಳು. "ಓಡಿಹೋದ ನನ್ನ ಗಂಡನಿಗಿಂತ ಇವನೇ ವಾಸಿ. ಕರೆದ್ರೆ ಬರ್ತಾನೆ, ಅಡುಗೆ ಆಯ್ತಾ ಅಂತ ಕೇಳಲ್ಲ" ಎನ್ನುವಳು.

ಮರ ಅವಳ ತಾಯಿಯದು. ನಮ್ಮಲ್ಲಿ ನೆಲ, ಮರ ಎಲ್ಲ ತಾಯಿಯ ಕಡೆಯಿಂದಲೇ ಇಳಿಯುತ್ತವೆ. ಮಕ್ಕಳಿಲ್ಲದ ಅವಳ ಬಳಿಕ ಅದು ತಂಗಿಯ ಮಗ ಕೊಬೆಲೊನದು. ಒಂದು ಬೆಳಗ್ಗೆ ಹಲ್ಲಿ ಹಿಡಿದು ಮಾರುವ ಇಬ್ಬರನ್ನು ಕರೆತಂದವನೂ ಅವನೇ. ಪೇಟೆಯಿಂದ ಬಂದ ಹೊಸಬರು. ನೀಲಿ ಹಲ್ಲಿ ಕಂಡರೆ ಮರವನ್ನೇ ಕಡಿದು ಕೆಡವಿ, ಅದರ ತಲೆಯಲ್ಲಿ ಅಡಗಿದ್ದನ್ನೆಲ್ಲ ಬಾಚಿಕೊಳ್ಳುವುದು ಅವರ ರೀತಿ. ಹೊಳೆಯಾಚೆಯ ಮರಗಳು ಹಾಗೇ ಉರುಳಿದ್ದವು.

"ದೊಡ್ಡಮ್ಮ, ಒಂದ್ಸಲ ತಟ್ಟು," ಎಂದ ಕೊಬೆಲೊ, ಅವಳ ಮುಖ ನೋಡದೆ.

"ನೀನು ಹುಟ್ಟಿದಾಗ ಮಲಗಿಸಿದ ಚಾಪೆ ಈ ಮರದ್ದು ಕಣೋ."

"ಮರ ಹೆಂಗೂ ನಂದೇ ತಾನೇ?"

"ನಾನಿನ್ನೂ ಸತ್ತಿಲ್ವಲ್ಲ!"

ಬಂದವರಲ್ಲಿ ಕೊಡಲಿ ಹಿಡಿದಿದ್ದವನು ನಕ್ಕ. "ನೀಲಿ ಇಲ್ದಿದ್ರೆ ನಿನ್ ಮರ ನಮಗ್ಯಾಕಜ್ಜಿ? ನೀನ್ ತಟ್ತೀಯೋ, ನಾನು ಕೊಡ್ಲೀಲಿ ತಟ್ಲೋ?"

ಬಿಸಿಲು ಮರದ ತಲೆ ಮುಟ್ಟಿತ್ತು. ಯಜಮಾನ ಹೊರಬರುವ ಹೊತ್ತು. ಹಿಡಿಯಿಂದ ತಟ್ಟಿದರೆ ಬಂದೇ ಬರುತ್ತಾನೆ.

ಸಿಕುಧಾನಿ ಕತ್ತಿಯನ್ನು ತಿರುಗಿಸಿ ಹಿಡಿದಳು. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಕಬ್ಬಿಣದ ಬದಿಯಿಂದ ಕಾಂಡಕ್ಕೆ ಬಡಿದಳು. ಮತ್ತೆ ಬಡಿದಳು. ಒಣಗರಿಗಳು ಉದುರಿದವು. ಅಮ್ಮನ ಮರಕ್ಕೆ ಅವಳು ಎಂದೂ ಹಾಗೆ ಹೊಡೆದವಳಲ್ಲ.

ಗರಿಗಳ ನಡುವಿನಿಂದ ಏನೋ ಜಾರಿ, ಅಲ್ಲೇ ಅಂಟಿಕೊಂಡಿತು. ಕೆಸರಿನಂಥ ಕಂದು ಹಲ್ಲಿ.

"ಏನೋ, ಇದೇನಾ ನಿನ್ ನೀಲಿ?" ಕೊಡಲಿಯವನು ಕೊಬೆಲೊನತ್ತ ತಿರುಗಿದ.

ಕೊಬೆಲೊಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಕಲ್ಲೆಸೆದು, ಹೆದರಿದ ನೀಲಿ ಹೀಗೆ ಬಣ್ಣಗೆಟ್ಟು ಕಂದಾಗುವುದನ್ನು ನೋಡಿ, ದೊಡ್ಡಮ್ಮನಿಂದ ಏಟು ತಿಂದವನು ಅವನು. ಕಾಂಡದ ಮೇಲೆ ಅವಳ ಏಟಿನ ಗುರುತು ಹಸಿಯಾಗಿತ್ತು. ಅವನು ಅದನ್ನು ಬೆರಳಿನಿಂದ ಸವರಿದ.

"ಇದು ಬೇರೆ ಜಾತಿ," ಎಂದ ಕೊನೆಗೆ. "ನೀಲೀದು ಸತ್ತಿರ್ಬೇಕು."

"ಬೆಳಗ್ಗೆನೇ ಕುಡಿದು ಬಂದಿದೀಯೇನೋ!" ಬೈಯುತ್ತ ಅವರು ಹೊಳೆಯ ಕಡೆ ನಡೆದರು.

ಮರುದಿನ ಅವಳು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಳು. ಗರಿ ಎಳೆದಳು. ಇರುವೆಗಳು ಚೆದುರಿ, ತಮ್ಮ ಪಾಡಿಗೆ ಸಾಲು ಹಿಡಿದು ಹೋದವು. ತೀರ ಮೇಲೆ, ಎಳೆಗರಿಯ ಅಂಚಿನಲ್ಲಿ, ಒಂದು ನೀಲಿ ಚುಕ್ಕೆ ಇಣುಕಿ ಮರೆಯಾಯಿತು.

"ಸಿಟ್ಟಾ ಯಜಮಾನ್ರೇ?" ಎಂದಳು. "ಇರ್ಲಿ. ಇನ್ಮೇಲೆ ಯಾರು ತಟ್ಟಿದ್ರೂ ಇಳೀಬೇಡಿ. ನಾನು ತಟ್ಟಿದ್ರೂ."